ಸುಮ್ಮನೆ ಕೂತಿದ್ದ ಕೋಳಿ

ಮೊದಲ ಕೋಳಿ ಕೊಯ್ಯಿಸಿದಾಗ ವೃಂದಾ ಏನೂ ಅನ್ನಲಿಲ್ಲ, ಮಸಾಲೆ ಅರೆದು ಕೊಟ್ಟಳು. ಎರಡನೆಯದಕ್ಕೆ ಗೊಣಗಿದಳು, ಯಾರ ಕಿವಿಗೂ ಬೀಳಲಿಲ್ಲ. ಮೂರನೆಯದಕ್ಕೆ ಬೀದರದ ಚಿದ್ರಿಯ ಆ ಓಣಿ ಪೂರ್ತಿ ಕೇಳುವಂತೆ ಕೂಗಿದಳು. ಆಗ ಮನೆಯವರಿಗೆ ಕೇಳಿಸಿತು. ಕೇಳಿಸಿದ್ದು ಅವಳ ಮಾತಲ್ಲ, ಸೊಸೆಗೆ ಬಾಯಿ ಬಂದಿದೆ ಎಂಬುದಷ್ಟೇ.

ಕೋಳಿಗಳು ಅವಳ ತವರಿನವು. ಔರಾದ ತಾಲೂಕಿನ ಡಾಬಕಾದಿಂದ ಅವಳ ತಾಯಿ ಒಂದು ಕೆಂಪು ಕೋಳಿ, ಒಂದು ಹುಂಜ ಎರಡನ್ನೂ ಬುಟ್ಟಿಯಲ್ಲಿಟ್ಟು, ಬಾಯಿಗೆ ಹಳೇ ಸೀರೆ ಕಟ್ಟಿ ಬಸ್ಸಿಗೆ ಹತ್ತಿಸಿದ್ದಳು. ಮುಂದೆ ಅವೇ ಮರಿಯಾಗಿ ಏಳಾದವು. ಬುಟ್ಟಿ ಮನೆಗೆ ಬಂದ ದಿನ ಮಾವ ಪ್ರಭಾಕರ ತಾನೇ ಹೇಳಿದ್ದ:

“ಹಿತ್ತಲಾ ನಿಂದು, ಕೋಳಿ ನಿಂದು. ನನ್ನ ಹಾಸಗಿ ಮ್ಯಾಲ ಹೇಲದಿದ್ರ ಆಯ್ತು.”

ಪ್ರಭಾಕರ ಬಸ್ ಡಿಪೋದಲ್ಲಿ ದುಡಿದು ನಿವೃತ್ತನಾದವನು. ಡಿಪೋದಲ್ಲಿದ್ದಾಗ ಊರೆಲ್ಲ ಅವನ ಮಾತು ಕೇಳಿ ಹೊರಡುತ್ತಿತ್ತು, ಈಗ ಮನೆಯಾದರೂ ಕೇಳಬೇಕೆಂದು ಅವನ ಹಟ. ಬಂದವರಿಗೆ ಹೊಟ್ಟೆ ತುಂಬ ಉಣಿಸುವುದೆಂದರೆ ಅವನಿಗೆ ಹಬ್ಬ. ಉಣಿಸುವವನು ಅವನು, ಅಡುಗೆ ಮಾಡುವವರು ಬೇರೆ, ಅಷ್ಟೇ. ಹೆಂಡತಿ ಕಾವೇರಿಬಾಯಿ ಅವನ ಜೊತೆ ಇಡೀ ಆಯುಷ್ಯ ಜಗಳಾಡುತ್ತಲೇ ಅವನು ಹೇಳಿದಷ್ಟನ್ನೂ ಮಾಡಿಕೊಂಡು ಬಂದವಳು. ಹಿರಿಯ ಮಗ ವಿನೀತ, ಎಂದರೆ ವೃಂದಾಳ ಗಂಡ, ಗಾಂಧಿಗಂಜಿನ ಒಂದು ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕಿರಿಯವನು ಆಶೀಷ ಭಾಲ್ಕಿಯಲ್ಲಿ ಸಾಲ ಕೊಡುವ ಕಂಪನಿಯೊಂದರಲ್ಲಿ ನೌಕರ. ಭಾನುವಾರ ಬಂತೆಂದರೆ ಗೆಳೆಯರನ್ನು ಕಟ್ಟಿಕೊಂಡು ಬೀದರಕ್ಕೆ ಬಂದಿಳಿಯುತ್ತಿದ್ದ.

“ವೈನಿ, ಅಂಗಡಿ ಕೋಳಿ ತಿಂದು ತಿಂದು ಹತ್ತಿ ತಿಂದಂಗ ಆಗ್ಯದ ನೋಡ್ರಿ. ನಿಮ್ಮ ಜವಾರಿ ಕೋಳಿ ರಸ್ಸಾ ಅಂದ್ರ ರಸ್ಸಾ!”

ಹೊಗಳಿಕೆ ವೃಂದಾಳಿಗೆ, ಕೋಳಿ ಹಿಡಿಯುವ ಕೈ ಪ್ರಭಾಕರನದು, ಕೊಯ್ಯುವುದು ರಸ್ತೆಯ ತುದಿಯ ಖಾಜಾ ಮಿಯಾನ ಅಂಗಡಿಯಲ್ಲಿ. ಹೀಗೆ ಬೇಸಿಗೆ ಮುಗಿಯುವಷ್ಟರಲ್ಲಿ ಹಿತ್ತಲಿನ ಎರಡು ಕೋಳಿ ಹೋಗಿದ್ದವು.

ಅದೇ ಬೇಸಿಗೆಯಲ್ಲಿ ಉಳಿದವು ತತ್ತಿ ಇಡುವುದನ್ನು ನಿಲ್ಲಿಸಿದವು. ಬಿಸಿಲಿಗೆ ಬಾಯಿ ತೆರೆದುಕೊಂಡು, ರೆಕ್ಕೆ ಜೋಲು ಬಿಟ್ಟು ನೀರಿನ ತೊಟ್ಟಿಯ ನೆರಳಿಗೆ ಬೀಳುತ್ತಿದ್ದವು. ಹಿತ್ತಲಿನಲ್ಲಿ ಹಸಿರೆಂಬುದು ಒಂದು ಎಳೆಯೂ ಇರಲಿಲ್ಲ. ವೃಂದಾ ತಾಯಿಗೆ ಫೋನು ಮಾಡಿದಳು. ತಾಯಿ ಎಂದಳು: “ಹಸರಿಲ್ಲಂದ್ರ ಮೊಳಕಿ ಹಾಕವಾ. ಒಣಾ ಕಾಳು ಎಷ್ಟ್ ಉಗ್ಗಿದ್ರೇನು?”

ಅಂದಿನಿಂದ ಸುರುವಾಯಿತು. ಸಂಜೆ ಬಕೆಟ್ಟಿನಲ್ಲಿ ಜೋಳ ನೆನೆಹಾಕುವುದು. ಬೆಳಿಗ್ಗೆ ನೀರು ಬಸಿದು, ಒದ್ದೆ ಗೋಣಿಯಲ್ಲಿ ಸುತ್ತಿ, ಬಚ್ಚಲ ಪಕ್ಕದ ನೆರಳಿನಲ್ಲಿ ಬುಟ್ಟಿಯೊಳಗಿಡುವುದು. ಗೋಣಿ ಒಣಗಿದಾಗೆಲ್ಲ ಮೇಲೆ ನೀರು ಚಿಮುಕಿಸುವುದು. ಹೆಚ್ಚಾದರೆ ಹುಳಿವಾಸನೆ ಬರುತ್ತದೆ, ಕಡಿಮೆಯಾದರೆ ಕಾಳು ಮುನಿಸಿಕೊಂಡು ಕೂತುಬಿಡುತ್ತದೆ. ಆಮೇಲೊಂದು ಮುಂಜಾನೆ ಗೋಣಿ ಬಿಚ್ಚಿದರೆ ಒಂದೊಂದು ಕಾಳಿಗೂ ಬಿಳಿ ಬಾಲ. ಜೋಳದ ಜೊತೆ ಒಂದು ಹಿಡಿ ಮಡಕಿ ಕಾಳನ್ನೂ ಸೇರಿಸುತ್ತಿದ್ದಳು. ಗೋಣಿಯ ಸರಸರ ಸಪ್ಪಳ ಕೇಳಿದರೆ ಸಾಕು, ಕೋಳಿಗಳು ಒಂದರ ಮೇಲೊಂದು ಬಿದ್ದು ಓಡಿಬರುತ್ತಿದ್ದವು. ಹದಿನೈದು ದಿನದಲ್ಲಿ ಮತ್ತೆ ತತ್ತಿ. ಒಡೆದರೆ ಒಳಗೆ ಅರಿಶಿನದ ಬಣ್ಣ. ಮಗಳು ಸಾನಿಕಾ ದಿನವೂ ಒಂದು ತಿಂದು ಶಾಲೆಗೆ ಹೋಗತೊಡಗಿದಳು.

ಕಾವೇರಿಬಾಯಿಗೆ ಮಡಕಿಯ ಡಬ್ಬಿ ತಳ ಕಂಡದ್ದಷ್ಟೇ ಕಂಡಿತು.

“ಏನವಾ, ಮನಷ್ಯಾರಿಗಿ ಉಸಳಿಗಿ ಮಡಕಿ ಇಲ್ಲ, ನಿನ್ನ ಕೋಳಿಗಿ ದಿನಾ ಉಸಳಿ?”

“ಅವು ತತ್ತಿ ಇಡ್ಲತ್ತಾವಲ್ರಿ ಅತ್ತಿ.”

“ನಾನೂ ಎರಡು ಹಡದೀನಿ. ನನಗ್ಯಾರೂ ಗೋಣ್ಯಾಗ ಸುತ್ತಿ ಮೊಳಕಿ ಕೊಡ್ಲಿಲ್ಲ.”

ಮರುದಿನ ಅತ್ತೆ ಗೋಣಿಯಿಂದಲೇ ಮಡಕಿ ಆರಿಸಿಕೊಂಡು ಉಸಳಿ ಮಾಡಿದಳು. ಪ್ರಭಾಕರ ರೊಟ್ಟಿಗೆ ಹಚ್ಚಿ ಬೆರಳು ಚೀಪುವಾಗ ಸಾನಿಕಾ ಕಿಸಕ್ಕೆಂದಳು.

“ಅಜ್ಜಾ, ಅದು ಕೋಳೀದು!”

ಪ್ರಭಾಕರ ಕೈ ನಿಲ್ಲಿಸಿ ತಾಟು ನೋಡಿದ. “ಹಂಗಂದ್ರ ನಾಳಿ ನಾ ತತ್ತಿ ಇಡ್ತೇನೇನು?”

ಎಲ್ಲರೂ ನಕ್ಕರು, ವೃಂದಾಳೂ ನಕ್ಕಳು. ನಗು ಮುಗಿದ ಮೇಲೆ ತಾಟು ತೊಳೆಯಲು ಎದ್ದವಳು ಅವಳೇ.

ಮೃಗಶಿರಾ ಮಳೆ ಬಿತ್ತು. ಆಷಾಢ ಹಿಡಿಯಿತು. ಆ ಮನೆಯವರಿಗೆ ಆಷಾಢವೆಂದರೆ ಬಾಯಿಗೆ ಬಿಡುವಿಲ್ಲದ ತಿಂಗಳು. ಅಮಾವಾಸ್ಯೆ ದಾಟಿ ಶ್ರಾವಣ ಬಂದರೆ ತಿಂಗಳಿಡೀ ಮಾಂಸದ ಸುದ್ದಿ ಎತ್ತುವಂತಿಲ್ಲ. ಆಮೇಲೆ ಗಣಪತಿ ಬರುತ್ತಾನೆ, ಅವನು ಹೋಗುವವರೆಗೂ ಇಲ್ಲ. ಅದಕ್ಕೇ ಅಷ್ಟನ್ನೂ ಮೊದಲೇ ತಿಂದು ಮುಗಿಸುವ ಅವಸರ. ಮೂರನೆಯ ಕೋಳಿ ಹೋದದ್ದು ಈ ಅವಸರದಲ್ಲಿಯೇ. ಅದು ದಿನ ಬಿಟ್ಟು ದಿನ ತತ್ತಿ ಇಡುತ್ತಿದ್ದ ಕೋಳಿ. ಕೊಯ್ದು ತಂದಾಗ ಹೊಟ್ಟೆಯೊಳಗೆ ಚಿಪ್ಪಿಲ್ಲದ ಹಳದಿ ಗುಂಡುಗಳು ಸಾಲಾಗಿದ್ದವು, ದೊಡ್ಡದು, ಸಣ್ಣದು, ಇನ್ನೂ ಸಣ್ಣದು.

ವೃಂದಾ ಆ ಗುಂಡುಗಳಿದ್ದ ಪಾತೇಲಿಯನ್ನು ಪಡಸಾಲೆಗೆ ತಂದು ಮಾವನ ಮುಂದಿಟ್ಟಳು.

“ನೋಡ್ರಿ ಮಾಮಾ. ನಾಳಿದು, ನಾಡದ್ದಿಂದು, ಅದರ ಆಚೀದು. ಎಲ್ಲಾ ಒಮ್ಮೆಲೆ ತಿಂದ್ರಿ.”

“ಕೋಳಿ ಸಾಕೋದು ಯಾಕ? ತಿನ್ಲಿಕ್ಕೆ. ಪಟ ತಗದು ಗ್ವಾಡಿಗಿ ಹಾಕ್ಲಿಕ್ಕೇನು?”

“ತಿನಬ್ಯಾಡ್ರಿ ಅಂತ ನಾ ಎಂದರ ಅಂದೀನಿ? ನಾನೂ ತಿಂತೇನಿ. ನನಗೊಂದು ಮಾತು ಕೇಳ್ರಿ ಅಂದೀನಿ. ಯಾವುದು ಇಡ್ತದ, ಯಾವುದು ಇಡಂಗಿಲ್ಲ ನನಗ ಗೊತ್ತದ. ಹುಂಜ ಬೇಕಾ, ಹುಂಜ ಕೊಡ್ತೇನಿ. ನನ್ನ ಕೇಳದೆ ಕೈ ಹಾಕಬ್ಯಾಡ್ರಿ.”

“ನನ್ನ ಮನ್ಯಾಗ ನಾ ಕೇಳಿ ಉಣಬೇಕು?”

“ಕೋಳಿ ನಿಂದು ಅಂದವರು ಯಾರ್ರಿ?”

ದನಿ ಗೋಡೆ ದಾಟಿತ್ತು. ಪಕ್ಕದ ಮನೆಯ ಹಮೀದುನ್ನಿಸಾ ಗೋಡೆಯಾಚೆಯಿಂದ ಕತ್ತು ಚಾಚಿದಳು. “ಕ್ಯಾ ಹುವಾ ಪ್ರಭಾಕರ ಭಾಯಿ? ಅಷ್ಟ್ ಸರಳ ಮಾತು. ಕೇಳಿ ತಗೊಂಡ್ರ ನಿಮ್ಮ ಮೀಸಿ ಏನ್ ಉದುರ್ತದೇನು?”

ಓಣಿಯ ಮುಂದೆ ಮಾತು ಬೆಳೆಸಲಾರದೆ ಪ್ರಭಾಕರ ಕೈ ಬೀಸಿದ. “ಆಯ್ತು, ಆಯ್ತು! ಕೇಳದೆ ಮುಟ್ಟಂಗಿಲ್ಲ. ಸಾಕಲ್ಲ?”

ವಿನೀತ ಆಗ ಮನೆಯಲ್ಲೇ ಇದ್ದ. ಮೊಬೈಲ್ ನೋಡುತ್ತಿದ್ದ.

ಆ ವಾರವೇ ಕೆಂಪು ಕೋಳಿ ಕಾವಿಗೆ ಕೂತಿತು. ಹಿತ್ತಲಿನಲ್ಲಿ ಕಾವಿಗೆ ಕೂಡುವ ಗುಣ ಉಳಿದದ್ದು ಅದೊಂದಕ್ಕೇ; ಉಳಿದ ಎರಡಕ್ಕೆ ಇಟ್ಟು ಕಿರುಚಿ ಓಡಿಹೋಗುವುದಷ್ಟೇ ಗೊತ್ತು. ವೃಂದಾ ಮೆಟ್ಟಿಲ ಕೆಳಗೆ ಬುಟ್ಟಿಯಿಟ್ಟು, ಬೂದಿ ಹರಡಿ, ಮೇಲೆ ಹುಲ್ಲು ಹಾಸಿ ಒಂಬತ್ತು ತತ್ತಿ ಜೋಡಿಸಿದಳು. ಹೋದ ಕೋಳಿಗಳ ಜಾಗ ತುಂಬಬೇಕಾದರೆ ಈ ಮರಿಗಳು ಬರಬೇಕು. ಇವು ಬರದಿದ್ದರೆ ಗಣಪತಿಯ ಹೊತ್ತಿಗೆ ಹಿತ್ತಲು ಬರೀ ಹಿತ್ತಲು. ಇದನ್ನವಳು ಊಟಕ್ಕೆ ಬಡಿಸುವಾಗ ಒಬ್ಬೊಬ್ಬರಿಗೂ ಹೇಳಿದಳು, ಗಂಡನಿಗೆ ಎರಡು ಸಲ.

“ಹೂಂ ಅಂದೆನಲ್ಲ,” ಎಂದ ವಿನೀತ.

“ಏನಂದೆ ಹೇಳ್ರಿ ನೋಡೋಣು.”

“ಕೋಳಿ ಕುಂತದ.”

“ಎಲ್ಲಿ?”

“ಅಲ್ಲೇ… ಎಲ್ಲಿ ಕುಂತದ ಅಲ್ಲೇ.”

ಕೆಂಪು ಕೋಳಿ ಹಗಲಿಗೊಮ್ಮೆ ಮಾತ್ರ ಏಳುತ್ತಿತ್ತು. ಮೈಯೆಲ್ಲ ಉಬ್ಬಿಸಿಕೊಂಡು ಬೈಯುತ್ತ ಬಂದು, ನಾಲ್ಕು ಕುಕ್ಕು ಮೊಳಕೆ ತಿಂದು, ನೀರು ಕುಡಿದು, ಯಾರೋ ಬೆನ್ನಟ್ಟಿದಂತೆ ಬುಟ್ಟಿಗೆ ಓಡುತ್ತಿತ್ತು. ಅದು ಎದ್ದಾಗ ತತ್ತಿಗಳ ಮೇಲೆ ಟವೆಲ್ಲು ಹೊದಿಸುವುದು ಸಾನಿಕಾಳ ಕೆಲಸ. ಕೂತಾಗ ಮಾತ್ರ ಕಲ್ಲು. ಕೈ ಹತ್ತಿರ ಒಯ್ದರೂ ಕದಲುತ್ತಿರಲಿಲ್ಲ.

ಅಷ್ಟರಲ್ಲಿ ಮೊಳಕೆ ಕೈಕೊಟ್ಟಿತು. ವಿನೀತ ಅಂಗಡಿಯಿಂದ ಈ ಸಲ ತಂದ ಜೋಳ ಎರಡು ಸಲ ನೆನೆಸಿದರೂ ಹಾಗೇ ಕೂತು, ಮೂರನೆಯ ದಿನಕ್ಕೆ ನೊರೆ ಬಂದು ನಾರಿತು.

“ಹುಳಕ್ಕ ಗುಳಗಿ ಇಟ್ಟ ಮಾಲು. ವರ್ಷದ ಮ್ಯಾಲ ಗೋದಾಮಿನ್ಯಾಗಿತ್ತು,” ಎಂದ ವಿನೀತ.

“ಸತ್ತ ಕಾಳು ತಂದು ಕೊಡ್ಲತ್ತಿರೇನು ನನಗ?”

“ಪುಕಟ್ ಸಿಕ್ಕಿದ್ದಕ್ಕ ಜೀವಾನೂ ಬೇಕೇನು ನಿನಗ?”

ಡಾಬಕಾದಲ್ಲಿ ತಾಯಿ ನೆಲದ ಹಗೇವಿನಲ್ಲಿಟ್ಟ ಮನೆಯ ಜೋಳವಿತ್ತು. ಮರಿಗಳು ಬಂದರೆ ಅವಕ್ಕೂ ಎಳೆ ಮೊಳಕೆ ಬೇಕು. ಮರಿಗೆ ಇನ್ನೂ ಎರಡು ಮೂರು ದಿನ ಇದೆ ಎಂದು ಲೆಕ್ಕ ಹಾಕಿ ಶನಿವಾರ ಮುಂಜಾನೆ ವೃಂದಾ ಔರಾದ ಬಸ್ಸು ಹತ್ತಿದಳು. ಹೊರಡುವಾಗ ಅತ್ತೆಗೆ ಹೇಳಿದಳು:

“ನಾಳಿ ಮಧ್ಯಾನ್ನದೊಳಗ ಬರ್ತೇನ್ರಿ. ಕೆಂಪೀನ ಮಾತ್ರ ಯಾರೂ ಎಬ್ಬಿಸಬ್ಯಾಡ್ರಿ.”

“ಹೋಗಿ ಬಾ. ನಿನ್ನ ಕೋಳಿ ನಾ ಏನ್ ತಲಿ ಮ್ಯಾಲ ಹೊತ್ಗೊಂಡು ತಿರಗ್ತೇನೇನು?”

ಭಾನುವಾರ ಅವಳು ಚಿದ್ರಿಯಲ್ಲಿ ಆಟೋ ಇಳಿದಾಗ ಹೆಗಲಲ್ಲಿ ಜೋಳದ ಚೀಲವಿತ್ತು. ಮನೆಯ ಮುಂದೆ ಭಾಲ್ಕಿಯ ಎರಡು ಗಾಡಿ ನಿಂತಿದ್ದವು. ಬಾಗಿಲಲ್ಲೇ ರಸ್ಸೆಯ ವಾಸನೆ ಬಂತು. ಅವಳು ಚೀಲ ಇಳಿಸಲಿಲ್ಲ, ನೇರ ಹಿತ್ತಲಿಗೆ ಹೋದಳು. ಹುಂಜ ಇತ್ತು. ಬಿಳಿಯದು ಇತ್ತು, ಚುಕ್ಕಿಯದೂ ಇತ್ತು. ಮೆಟ್ಟಿಲ ಕೆಳಗಿನ ಬುಟ್ಟಿಯಲ್ಲಿ ಹುಲ್ಲು ಮಾತ್ರ ಇತ್ತು.

“ಮಮ್ಮಿ.”

ಒಳಕೋಣೆಯ ಹಾಸಿಗೆಯ ಮೇಲೆ ಸಾನಿಕಾ ದುಪ್ಪಟಿ ಸುತ್ತಿಕೊಂಡು ಕಾಲು ಮಡಚಿ ಕೂತಿದ್ದಳು. ಕಣ್ಣು ಬಾತಿದ್ದವು.

“ಅಜ್ಜಾ ಒಯ್ದ. ನಾ ಬ್ಯಾಡ ಅಂದೆ. ಚೀಲದಾಗ ಹಾಕ್ಕೊಂಡು ಹೋದ. ನಾ ಎದ್ರ ಇವು ತಣ್ಣಗಾಗ್ತಾವ, ಅದಕ್ಕ ಎದ್ದಿಲ್ಲ.” ಮಡಿಲಲ್ಲಿ ಒಂಬತ್ತೂ ತತ್ತಿಗಳಿದ್ದವು. “ಒಂದರೊಳಗ ಬಡೀಲತ್ತದ ಮಮ್ಮಿ. ಕೇಳು.”

ವೃಂದಾ ಕಿವಿಗೆ ಹಿಡಿದಳು. ಟಿಕ್. ಸ್ವಲ್ಪ ತಡೆದು, ಮತ್ತೆ ಟಿಕ್. ಇನ್ನೊಂದನ್ನು ಹಿಡಿದಳು, ಅದರಲ್ಲೂ ಇತ್ತು.

“ಉಂಡೀಯೇನು?”

“ಇಲ್ಲ.”

ಅಡುಗೆಮನೆಯಲ್ಲಿ ಕಾವೇರಿಬಾಯಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾರು ಹೇಳಿದ್ರೀ ಅತ್ತಿ?”

“ಆಶೀಷನ ಸಾಹೇಬ್ರು ಬರ್ತಾರಂತ ಮುಂಜಾನಿ ಫೋನ್ ಬಂತು. ಒಂದು ಹಿಡಕೊಂಡು ಹೋಗ್ರಿ ಅಂದೆ. ಯಾವುದು ಅಂತ ನಾ ಹೇಳಿಲ್ಲ.” ರೊಟ್ಟಿ ಕೈಯಲ್ಲಿ ಹರಿಯಿತು. “ನಾ ದೇವ್ರ ಖೋಲ್ಯಾಗಿದ್ದೆ. ನೋಡಿಲ್ಲ.”

ಪಡಸಾಲೆಯಲ್ಲಿ ಪಂಕ್ತಿ ಹಾಕಿಯಾಗಿತ್ತು. ಪ್ರಭಾಕರ, ವಿನೀತ, ಆಶೀಷ, ಅವನ ಸಾಹೇಬ ಅಮಿತಕುಮಾರ. ಪ್ರಭಾಕರ ಸೊಸೆಯನ್ನು ನೋಡಿ ಎದೆಯುಬ್ಬಿಸಿದ. ಬೈಗುಳ ಬರುವ ಮುಂಚೆ ತಾನೇ ನಗೆಯಾಡಿ ಮುಗಿಸಿಬಿಡುವ ಎಣಿಕೆ.

“ಬಾರವಾ, ನಿನ್ನ ಹೆಸರ ತಗೊಂಡೇ ಉಣ್ಲತ್ತೀವಿ. ಸಾಹೇಬ್ರ, ಮುಂಜಾನಿ ತಮಾಷಿ ಕೇಳ್ರಿ. ಬಾಕಿ ಕೋಳಿ ಹಿತ್ತಲ ತುಂಬ ಓಡ್ಯಾಡಿಸಿದ್ವು ನನಗ, ಈ ವಯಸ್ಸಿನ್ಯಾಗ! ಇದೊಂದು ಪಾಪ, ಮೆಟ್ಟಲಾ ಕೆಳಗ ಸುಮ್ಮ ಕುಂತಿತ್ತು. ಕೈ ಹಾಕಿದ್ರೂ ಓಡ್ಲಿಲ್ಲ. ಎತ್ತಿ ಚೀಲದಾಗ ಇಟ್ಟೆ.”

ಆಶೀಷ ನಕ್ಕ. ವಿನೀತ ನಗಲಿಲ್ಲ, ‘ಮೆಟ್ಟಲಾ ಕೆಳಗ’ ಎಂಬುದು ಅವನಿಗೆ ಈಗ ಎಲ್ಲೋ ಕೇಳಿದ ಹಾಗಿತ್ತು.

ವೃಂದಾ ಒಳಗೆ ಹೋದಳು. ಬರುವಾಗ ಸೆರಗಿನಲ್ಲಿ ಏನೋ ಹಿಡಿದು ತಂದಳು. ಮಾವನಿಂದ ಸುರುಮಾಡಿ ಒಂದೊಂದು ತಾಟಿಗೂ, ರೊಟ್ಟಿಯ ಪಕ್ಕಕ್ಕೆ, ಒಂದೊಂದು ತತ್ತಿ ಇಟ್ಟಳು. ಅತಿಥಿಯ ತಾಟಿಗೂ ಇಟ್ಟಳು.

“ಕುದಿಸಿದ್ದೇನ್ರಿ?” ಎಂದ ಅಮಿತಕುಮಾರ, ಮರ್ಯಾದೆಗೆ.

“ಇಲ್ರಿ. ಜೀವಂತ ಅದಾವ. ಇವತ್ತೋ ನಾಳಿಯೋ ಹೊರಗ ಬರೋವು. ಇವುಗಳ ಅವ್ವ ನಿಮ್ಮ ರಸ್ಸಾ ವಾಟಿಯೊಳಗ ಅದಾಳ.”

ಪ್ರಭಾಕರನ ತಾಟಿನ ತತ್ತಿ ಒಂದು ಸಲ ಅಲುಗಿತು. ಸ್ಟೀಲಿನ ಮೇಲೆ ಸಣ್ಣಗೆ ಸಪ್ಪಳವಾಯಿತು. ರಸ್ಸೆ ಅಂಟಿದ ಅವನ ಬೆರಳು ಹಾಗೇ ಮೇಲೆ ನಿಂತವು.

ಅಮಿತಕುಮಾರ ತಾಟಿನಿಂದ ಹಿಂದೆ ಸರಿದು, ನೀರಿನ ಲೋಟ ಕೂಡ ಮುಟ್ಟದೆ ಎದ್ದ. ಆಶೀಷ ಕೆಂಡವಾದ. “ವೈನಿ! ಹುಚ್ಚು ಹಿಡದದೇನು? ನನ್ನ ಸಾಹೇಬ್ರು ಇವರು!”

“ನಿಮಗ ಸಾಹೇಬ್ರು. ನನಗ ಉಣ್ಣಾಕ ಬಂದವರು. ಅವರ ಮ್ಯಾಲ ನನ್ನ ಸಿಟ್ಟಿಲ್ರಿ, ಅವರಿಗೇನು ಗೊತ್ತು.”

ಪ್ರಭಾಕರ ಗುಡುಗಿದ. “ಮಂದಿ ಮುಂದ ನನ್ನ ಮರ್ಯಾದಿ ಕಳದಿ!”

“ಮರ್ಯಾದಿ ತಾಟಿನ್ಯಾಗ ಅದಲ್ರಿ ಮಾಮಾ. ಉಣ್ರಿ. ಬಿಸಿ ಅದ.” ಅವಳ ದನಿ ಏರಲೇ ಇಲ್ಲ. ಅದು ಆ ಮನೆಯವರಿಗೆ ಹೊಸದು. “ಮೂರು ಹೋದಾಗ ಒದರಿದೆ. ಕೇಳದೆ ಮುಟ್ಟಂಗಿಲ್ಲ ಅಂತ ನೀವೇ ಅಂದ್ರಿ, ಹಮೀದಾ ಖಾಲಾ ಮುಂದ ಅಂದ್ರಿ. ನಾನು ಇಲ್ಲೇ ಬೀದರದಾಗ ಇದ್ದಿಲ್ಲ, ಖರೇ. ಫೋನ್ ಇತ್ತಲ್ಲ? ಅಂವ ಭಾಲ್ಕಿಯಿಂದ ಫೋನ್ ಮಾಡಿದ್ರ ನಿಮಗ ಕೋಳಿ ಹಿಡೀಲಿಕ್ಕ ಟೈಮದ. ಡಾಬಕಾಕ್ಕೊಂದು ಫೋನ್ ಮಾಡ್ಲಿಕ್ಕ ಟೈಮಿಲ್ಲ?”

“ಒಂದು ಕೋಳಿಗಿ ಇಷ್ಟು…” ವಿನೀತ ಸುರುಮಾಡಿದ.

“ನೀವು ಸುಮ್ಮ ಕೂಡ್ರಿ. ಎಲ್ಲಿ ಕುಂತದ ಅಂತ ಕೇಳಿದ್ದೆ ನಿಮಗ. ಈಗ ಗೊತ್ತಾತಲ್ಲ ಎಲ್ಲಿ ಕುಂತಿತ್ತು ಅಂತ?”

ಕಾವೇರಿಬಾಯಿ ಯಾವಾಗ ಬಂದಳೋ ಯಾರೂ ನೋಡಲಿಲ್ಲ. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಬಗ್ಗಿ, ಒಂದೊಂದೇ ತಾಟಿನಿಂದ ತತ್ತಿ ಎತ್ತಿ ಮಡಿಲಿಗೆ ಹಾಕಿಕೊಂಡಳು. ಗಂಡನ ತಾಟಿನದನ್ನು ತೆಗೆಯುವಾಗ ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಎಂದಳು: “ಓಡಲಿಲ್ಲ ಅಂತ ಹಿಡದ್ರೇನು? ಓಡ್ಲಿಕ್ಕ ಬರಂಗಿದ್ರ ಯಾರರ ಇಲ್ಲಿ ಕೂಡ್ತಿದ್ರೇನು?”

ಆಮೇಲೆ ಸೊಸೆಯ ಕಡೆ ತಿರುಗಿದಳು. “ನಿಂತಿ ಯಾಕ? ಬುಟ್ಟಿ ತಾ. ಬಲ್ಬು ಕಟ್ಟಸು. ಕರೆಂಟ್ ಹೋದ್ರ ಉಸುಕು ಕಾಯಿಸಿ ಅರಿವ್ಯಾಗ ಕಟ್ಟಿ ಕೊಡ್ತೇನಿ.”

“ಉಸುಕಿನ ಬುದ್ಧಿ ಮುಂಜಾನಿ ಇರಬೇಕಾಗಿತ್ರಿ,” ಎಂದಳು ವೃಂದಾ. ಸಿಟ್ಟು ಅತ್ತೆಗೂ ಅಷ್ಟೇ ಸಿಕ್ಕಿತು. ಕಾವೇರಿಬಾಯಿ ಒಲೆಯ ಮೇಲೆ ಉಸುಕು ಇಟ್ಟಳು.

ಪಾತೇಲಿಯಲ್ಲಿ ಉಳಿದ ರಸ್ಸೆಯನ್ನು ಅಂದು ಯಾರೂ ಉಣ್ಣಲಿಲ್ಲ. ವೃಂದಾ ಮಗಳಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು, ತಾನೂ ಅದನ್ನೇ ತಿಂದಳು.

ಐದು ಮರಿ ಬಂದವು. ನಾಲ್ಕು ತತ್ತಿಯಿಂದ ಮರಿ ಹೊರಬರಲಿಲ್ಲ. ಅವುಗಳಲ್ಲೊಂದು ಅರ್ಧ ಚಿಪ್ಪು ಒಡೆದು ಅಲ್ಲೇ ನಿಂತುಹೋಗಿತ್ತು. ವೃಂದಾ ಅದನ್ನು ಹೂಳುವ ಮುಂಚೆ ಗಂಡನಿಗೆ ತೋರಿಸಿದಳು. ಅವನು ನೋಡಲೊಲ್ಲೆನೆಂದ. “ನೋಡ್ರಿ” ಎಂದಳು. ನೋಡಿದ. ತಾಯಿಯಿಲ್ಲದ ಮರಿಗಳಿಗೆ ಕುಕ್ಕುವುದನ್ನೂ ಕಲಿಸಬೇಕಾಯಿತು. ಡಾಬಕಾದ ಜೋಳದ ಎಳೆ ಮೊಳಕೆಯನ್ನು ಜಜ್ಜಿ ನೆಲಕ್ಕೆ ಹರಡಿ, ಸಾನಿಕಾ ಬೆರಳನ್ನೇ ಕೊಕ್ಕು ಮಾಡಿ ಟಕಟಕ ಕುಟ್ಟಿ ತೋರಿಸುತ್ತಿದ್ದಳು.

ಶ್ರಾವಣವಿಡೀ ಪ್ರಭಾಕರ ಸೊಸೆಯೊಡನೆ ನೇರ ಮಾತಾಡಲಿಲ್ಲ. ನೀರು ಬೇಕಾದರೂ ಮೊಮ್ಮಗಳಿಗೆ ಹೇಳುತ್ತಿದ್ದ: “ನಿಮ್ಮವ್ವಗ ಹೇಳು, ಚಹಾದಾಗ ಸಕ್ರಿ ಇಲ್ಲ.” ವೃಂದಾಳೂ ಮಗಳಿಗೇ ಹೇಳುತ್ತಿದ್ದಳು: “ಅಜ್ಜಗ ಹೇಳು, ಡಬ್ಬಿ ಅವರ ಎದರೇ ಅದ.” ಆಶೀಷ ಭಾಲ್ಕಿಯಿಂದ ಬರುವುದನ್ನೇ ಬಿಟ್ಟ. ವಿನೀತ ಮಾತ್ರ ಅಂಗಡಿಯಲ್ಲಿ ಹೊಸ ಮಾಲು ಬಂದಾಗ ಒಂದು ಹಿಡಿ ಜೋಳ ನೆನೆಸಿ ನೋಡಿ, ಮೊಳೆತರೆ ಮಾತ್ರ ಮನೆಗೆ ತರತೊಡಗಿದ. ಅದರ ಬಗ್ಗೆ ಅವಳು ಒಳ್ಳೆಯದನ್ನೂ ಅನ್ನಲಿಲ್ಲ, ಕೆಟ್ಟದ್ದನ್ನೂ ಅನ್ನಲಿಲ್ಲ.

ಗಣಪತಿ ನೀರಿಗೆ ಹೋದ ಮೇಲಿನ ಭಾನುವಾರ ಪ್ರಭಾಕರನ ಫೋನು ರಿಂಗಾಯಿತು. ವೃಂದಾ ಹಿತ್ತಲ ಬಾಗಿಲಲ್ಲಿ ಕೂತು ಗೋಣಿ ಬಿಚ್ಚುತ್ತಿದ್ದಳು. ಮರಿಗಳು ಈಗ ಮರಿಗಳಾಗಿ ಉಳಿದಿರಲಿಲ್ಲ, ಕಾಲು ಉದ್ದವಾಗಿ ಕುತ್ತಿಗೆ ಬೋಳಾಗಿ ಅವಳ ಕೈಯ ಮೇಲೇ ಏರುತ್ತಿದ್ದವು.

“ಹಾಂ, ಬಾರೋ ಆಶೀಷ. ಎಷ್ಟು ಮಂದಿ? ಬರ್ರಿ, ಬರ್ರಿ. ಮಾಡೋಣಲ್ಲ, ಅದಕ್ಕೇನು…” ದನಿ ಒಮ್ಮೆಲೆ ನಿಂತಿತು. “ತಡಿ. ಫೋನ್ ಹಿಡಿ.”

ಚಪ್ಪಲಿಯ ಸಪ್ಪಳ ಹಿತ್ತಲ ಬಾಗಿಲ ತನಕ ಬಂತು. ಸಾನಿಕಾ ಅಲ್ಲೇ ಇದ್ದಳು. ಪ್ರಭಾಕರ ಅವಳ ಮುಖ ನೋಡಿದ, ಅವಳು ಬೇಕೆಂದೇ ಬೇರೆ ಕಡೆ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ.

“ವೃಂದಾ.”

“ಏನ್ರಿ ಮಾಮಾ.”

“ಆಶೀಷ ಬರ್ಲತ್ತಾನ. ಆ ಬಿಳೀದು… ಒಯ್ಯಲೇನು?”

ಕಾವೇರಿಬಾಯಿ ಒಳಗೆ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು.

ವೃಂದಾ ಒಂದು ಹಿಡಿ ಮೊಳಕೆ ಉಗ್ಗಿದಳು. ಬಿಳಿಯದು ಎಲ್ಲಕ್ಕಿಂತ ಮುಂದೆ ನುಗ್ಗಿ ಬಂತು.

“ಬ್ಯಾಡ್ರಿ,” ಎಂದಳು.

“ಮತ್ತ ಚುಕ್ಕೀದು?”

“ಅದೂ ಬ್ಯಾಡ್ರಿ. ಹುಂಜಾನೂ ಬ್ಯಾಡ್ರಿ. ಈ ವರ್ಷ ಯಾವುದೂ ಇಲ್ಲ.”

ಪ್ರಭಾಕರ ಬಾಗಿಲ ಚೌಕಟ್ಟಿಗೆ ಕೈಯಿಂದ ಬಲವಾಗಿ ಬಡಿದ, ಸುಣ್ಣ ಉದುರಿತು. “ಕೇಳಿದ್ನಲ್ಲ! ಕೇಳಬೇಕು ಅಂದಿದ್ದಿ, ಕೇಳಿದೆ! ಮತ್ತೇನಾಗಬೇಕು ನಿನಗ?”

“ಕೇಳಿದ್ರಿ. ಇಲ್ಲ ಅಂದೆ.”

ಫೋನಿನಲ್ಲಿ ಆಶೀಷ “ಅಪ್ಪಾ, ಅಪ್ಪಾ” ಎನ್ನುತ್ತಲೇ ಇದ್ದ. ಕೊನೆಗೆ ಪ್ರಭಾಕರ ಫೋನು ಕಿವಿಗೆ ಹಚ್ಚಿ, ಹಿತ್ತಲಿಗೆ ಬೆನ್ನು ಮಾಡಿ ಒದರಿದ:

“ಬದನಿಕಾಯಿ ಮಾಡ್ತಾರ. ಬರಂಗಿದ್ರ ಬಾ!”